ಬ್ಯಾರನ್ ಬಾಗಿಲಿಗೆ ಬಂದ ಮಂಜು

ಕೆ.ಆರ್. ನಗರದಿಂದ ಮಧ್ಯಾಹ್ನ ಹೊರಟು, ಹುಣಸೂರಿನಲ್ಲಿ ಬಸ್ಸು ಬದಲಿಸಿ, ಐದು ಗಂಟೆಗೆ ಬೆಟ್ಟದಪುರದಲ್ಲಿ ಇಳಿದೆ. ಹೆಂಗಸರಿಗೆ ಟಿಕೆಟ್ ಉಚಿತ. ಖರ್ಚಾದದ್ದು ಕಾಫಿಗೆ ಹದಿನೈದು ರೂಪಾಯಿ. ತಂಗಿ ಜಯಮ್ಮನ ಮನೆಯಲ್ಲಿ ಒಂದು ರಾತ್ರಿ, ಬೆಳಿಗ್ಗೆ ಎಂಟರ ಬಸ್ಸಿಗೆ ವಾಪಸ್ಸು ಎಂದು ಗೊತ್ತುಮಾಡಿಕೊಂಡಿದ್ದೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳಿಗೆ ಗಡಿಯಾರ ಬಿಟ್ಟು ಪ್ರಯಾಣವಿಲ್ಲ.

ಮುದ್ದೆ, ಹುರುಳಿ ಸಾರು ಉಂಡೆವು. ಜಯಮ್ಮ ಅಂಗಳಕ್ಕೆ ಹೋಗಿ ಆಕಾಶ ನೋಡಿ ಬಂದಳು. ಹೊಗೆಸೊಪ್ಪು ಒಣಗಿಸುವ ಅವರ ಕೋಣೆ, ಅಂದರೆ ಬ್ಯಾರನ್, ಒಣಗಿದ ಸೊಪ್ಪಿನಿಂದ ತುಂಬಿತ್ತು.

“ನಾಳೆ ಬ್ಯಾರನ್ ಕಾಲಿ ಆಗ್ಲೇಬೇಕು ಕಣಕ್ಕ. ಹಸಿ ಸೊಪ್ಪು ಮುರಿಯೋಕೆ ಆಳು ಬತ್ತಾರೆ. ಅದನ್ನ ಎಲ್ಲಿಗ್ ತುಂಬ್ಲಿ? ಮಂಜು ಬೀಳ್ತದಾ?”

ನಾನು ವಿವರಿಸತೊಡಗಿದೆ. ಕಡಲತೀರದಲ್ಲಿ ಬೆಚ್ಚಗಿನ ತೇವದ ಗಾಳಿ ತಣ್ಣಗಿನ ಸಮುದ್ರದ ಮೇಲೆ ಹಾದುಬರುತ್ತದೆ. ಹಾಗೆ ಬರುವಾಗ ತಾನೂ ತಣ್ಣಗಾಗುತ್ತದೆ. ಒಳಗಿನ ಆವಿ ಸಣ್ಣ ಹನಿಗಳಾಗಿ ತೇಲುತ್ತದೆ. ಅದೇ ಮಂಜು. ತಣ್ಣೀರಿನ ಚೊಂಬು ಹೊರಗೆ ಬೆವರುವುದೂ ಹೀಗೆಯೇ. ಇಲ್ಲಿ ಸಮುದ್ರದ ಕೆಲಸವನ್ನು ನೆಲವೇ ಮಾಡುತ್ತದೆ. ಮೋಡದ ಹೊದಿಕೆಯಿಲ್ಲದ ರಾತ್ರಿ ನೆಲ ತನ್ನ ಬಿಸಿ ಕಳೆದುಕೊಂಡು, ಮೇಲಿನ ಗಾಳಿಯನ್ನೂ ತಣ್ಣಗಾಗಿಸುತ್ತದೆ.

“ಪಾಠ ಸಾಕು ಬುಡಕ್ಕ. ಬೀಳ್ತದೋ ಇಲ್ವೋ?”

“ಬೀಳುತ್ತೆ.”

ಬಿತ್ತು. ಬೆಳಿಗ್ಗೆ ಐದಕ್ಕೆ ನಡೆಯಲು ಹೊರಟಾಗ ಹತ್ತು ಹೆಜ್ಜೆ ಆಚೆಗಿನ ಹುಣಸೆಮರ ಅಂಗಳದ ದೀಪದಲ್ಲೂ ಕಾಣುತ್ತಿರಲಿಲ್ಲ. ಬ್ಯಾರನ್ ಬಾಗಿಲು ಹಾರು ಹೊಡೆದಿತ್ತು. ಯಾರೋ ಮರೆತಿದ್ದಾರೆಂದು ಎಳೆದು ಚಿಲಕ ಹಾಕಿದೆ.

ಆರೂವರೆಗೆ ಜಯಮ್ಮನ ಕೂಗು: “ಯಾರ್ ಬಾಗ್ಲು ಮುಚ್ಚಿದ್ದು?”

“ನಾನೇ. ತೆರೆದೇ ಬಿಟ್ಟಿದ್ರಿ.”

“ಅಯ್ಯೋ ಅಕ್ಕ! ಮಂಜು ಒಳಕ್ಕೋಗ್ಲಿ ಅಂತಾನೇ ತೆಗ್ದಿದ್ದು!”

ಅವಳು ಒಂದು ಎಲೆ ಮುಟ್ಟಿದಳು, ಹಪ್ಪಳದಂತೆ ಪುಡಿಯಾಯಿತು. ಒಣಗಿದ ಸೊಪ್ಪು ಮಂಜಿನ ತೇವ ಕುಡಿದು ಮೆತ್ತಗಾದರೆ ಮಾತ್ರ ಇಳಿಸಬಹುದು. ಬಿಸಿಲು ಬಂದರೆ ಇನ್ನೊಂದು ರಾತ್ರಿ ಕಾಯಬೇಕು. ಅಷ್ಟರಲ್ಲಿ ಹೊಲದ ಸೊಪ್ಪು ಹಾಳು.

ಅವಳ ಗಂಡ ರಾಜಣ್ಣ ಬಾಗಿಲು ಪೂರ್ತಿ ತೆಗೆದು ನಕ್ಕ. “ಬೈಬ್ಯಾಡ ಕಣೇ. ಸೊಪ್ಗೆ ನೆಗಡಿ ಆದಾತು ಅಂತ ಅಕ್ಕಾವ್ರು ಮುಚ್ಚವ್ರೆ.” ನನಗೆ ನಗು ಬರಲಿಲ್ಲ.

ಎಂಟಕ್ಕೆ ಮಂಜಿನೊಳಗಿಂದ ಬಸ್ಸಿನ ಹಾರನ್ ಕೇಳಿಸಿತು. ನಾನು ಬಾಗಿಲ ಬಳಿಯಿಂದ ಕದಲಲಿಲ್ಲ. ನೆಲ ಕಾಯತೊಡಗಿ, ಮಂಜು ತೆಳುವಾಗಿ, ಹುಣಸೆಮರ ಕಾಣಿಸಿತು. ಜಯಮ್ಮ ಎಲೆಯೊಂದನ್ನು ಮುಷ್ಟಿಯಲ್ಲಿ ಹಿಡಿದು ಮೆಲ್ಲಗೆ ಬಿಟ್ಟಳು. ಅದು ಬಟ್ಟೆಯಂತೆ ಅರಳಿಕೊಂಡಿತು.

“ಇಳಿಸ್ರಿ, ಬೇಗ!”

ಸೊಪ್ಪು ಕಟ್ಟಿ ತೂಗುಹಾಕಿದ್ದ ಕಡ್ಡಿಗಳನ್ನು ಕೈಯಿಂದ ಕೈಗೆ ದಾಟಿಸುವ ಸಾಲಿನಲ್ಲಿ ನಾನೂ ನಿಂತೆ. ಬಾಗಿಲ ಹತ್ತಿರದ ನಾಲ್ಕು ಕಡ್ಡಿಯ ಸೊಪ್ಪು ಬಿಸಿಲು ತಾಕಿ ಪುಡಿಯಾಯಿತು, ಉಳಿದದ್ದೆಲ್ಲ ಇಳಿಯಿತು. ಹತ್ತಕ್ಕೆ ಆಳುಗಳು ಬಂದಾಗ ಬ್ಯಾರನ್ ಖಾಲಿ.

ಹನ್ನೊಂದೂವರೆಯ ಬಸ್ಸಿಗೆ ಹೊರಟೆ. ಬ್ಯಾರನ್ ದಾಟುವಾಗ ಕೈ ತಾನಾಗಿ ಚಿಲಕದತ್ತ ಹೋಯಿತು.

“ಅಕ್ಕಾ!” ಎಂದಳು ಜಯಮ್ಮ ಹಿಂದಿನಿಂದ.

ಕೈ ಹಿಂದಕ್ಕೆಳೆದುಕೊಂಡೆ. ಬಸ್ಸಿನ ಕಿಟಕಿಯಿಂದ ನೋಡಿದಾಗ ಬಾಗಿಲು ಇನ್ನೂ ಹಾರು ಹೊಡೆದೇ ಇತ್ತು.