ಜರ್ಮನ್ ಸಾಹೇಬನ ‘ಪರವಾಗಿಲ್ಲ’

ಇಬ್ಬರು ಸಾಹೇಬರು ನನ್ನ ಕೆಲಸ ಪರೀಕ್ಷಿಸಲು ಬಂದರು. ಅಮೆರಿಕದವನು ‘ಅದ್ಭುತ!’ ಎಂದ, ಜರ್ಮನಿಯವನು ‘ಪರವಾಗಿಲ್ಲ’ ಎಂದ. ಹೆಚ್ಚು ಮೆಚ್ಚಿದವನು ಯಾರು, ಹೇಳಿ ನೋಡೋಣ?

ಕುವೈತಿನ ಅರ್ದಿಯಾದಲ್ಲಿ ನಮ್ಮ ಕಂಪನಿ ಕಟ್ಟಿದ ಕೋಲ್ಡ್ ಸ್ಟೋರೇಜಿಗೆ ನಾನೇ ಇಂಜಿನಿಯರು. ಪರೀಕ್ಷೆಯಲ್ಲಿ ಫೇಲಾದರೆ ನನ್ನ ಇಕಾಮಾ, ಅಂದರೆ ಅಲ್ಲಿರುವ ಪರವಾನಗಿ, ಖಲಾಸ್, ಹೆಂಡತಿ ಮಕ್ಕಳ ಸಮೇತ ಮಂಗಳೂರಿಗೆ ವಾಪಸ್. ಅಮೆರಿಕದವನು ಬಾಗಿಲಲ್ಲೇ ನನ್ನ ಬೆನ್ನು ತಟ್ಟಿ ಚಾ ಕುಡಿಯಲು ಹೋದ. ಜರ್ಮನಿಯವನು ನೆಲದ ಮೇಲೆ ಮಲಗಿ, ಟಾರ್ಚ್ ಹಾಕಿ ಪೈಪುಗಳ ಅಡಿಯನ್ನೆಲ್ಲ ನೋಡಿ, ಎದ್ದು, ನಗದೆ ಆ ಒಂದು ಮಾತು ಹೇಳಿದ. ಫೇಲಾದೆ ಅಂದುಕೊಂಡೆ.

ಹೊರಗೆ ಓಡಿ ಅಮೆರಿಕದವನನ್ನು ಕೇಳಿದೆ: “ಸರ್, ಅವರು ಬರೇ ಪರವಾಗಿಲ್ಲ ಅಂದ್ರಲ್ಲ, ಇನ್ನೇನು ಗತಿ?”

“ನಿನಗೆ ಹಾಗಂದ್ನಾ? ನಾಲ್ಕು ವರ್ಷದಿಂದ ಜೊತೆಗಿದ್ದೀನಿ, ನನಗೊಮ್ಮೆಯೂ ಅಷ್ಟು ಹೊಗಳಿಲ್ಲ ಮಾರಾಯ!”

ಹಿಂದಿನಿಂದ ಬಂದ ಜರ್ಮನಿಯವನು, “ತಪ್ಪಿದ್ದರೆ ಹೇಳುತ್ತಿದ್ದೆ. ಇವನನ್ನು ನಂಬಬೇಡಿ, ಈ ಚಾಕ್ಕೂ ಅದ್ಭುತ ಅಂತಾನೆ. ನಾನು ಸಹಿ ಹಾಕಿಯಾಯಿತು, ಯಲ್ಲಾ, ನಡೀರಿ!” ಎಂದ.

ಆಹಾ, ಆಗ ಉಸಿರು ಬಂತು ನೋಡಿ! ಸಂಜೆ ಸಾಲ್ಮಿಯಾದ ಮನೆಯಲ್ಲಿ ಪಾಯಸ ಕುಡಿದು ನಾನೂ ಜರ್ಮನ್ನರ ಹಾಗೆ ಮುಖ ಬಿಗಿದು ‘ಪರವಾಗಿಲ್ಲ’ ಅಂದೆ. ಹೆಂಡತಿ ಎರಡನೇ ಲೋಟ ಕೊಡಲಿಲ್ಲ. ಅಂದು ತೊಂಬತ್ತೊಂಬತ್ತನೇ ಇಸವಿಯ ದೀಪಾವಳಿ, ಭಾನುವಾರ.