ಓಗೊಡುವ ರೈಗಳು

ದೇರೆಬೈಲಿನ ಚಿತ್ತರಂಜನ ರೈಗಳು ಯಾರು ಕರೆದರೂ ಓಗೊಡದೆ ಇರುವವರಲ್ಲ. ನೌಕಾಪಡೆಯ ರೇಡಿಯೊ ಆಪರೇಟರ್ ಕೆಲಸದಿಂದ ನಿವೃತ್ತರಾಗಿ ಬಂದ ಮೇಲೆ ಅವರಿಗೆ ಅದೇ ಉದ್ಯೋಗ. ಮೀನಿನ ಹೆಂಗಸು ಪಕ್ಕದ ಮನೆಯವರನ್ನು ಕೂಗಿದರೂ ಇವರು ಗೇಟಿಗೆ ಓಡುತ್ತಾರೆ. ಮೈಗೆ ಸೋಪು ಹಚ್ಚಿಕೊಂಡಿದ್ದರೂ ಬಚ್ಚಲಿನಿಂದಲೇ "ಬಂದೆ, ಬಂದೆ" ಎನ್ನುತ್ತಾರೆ. ಬೀದಿಯ ಮಕ್ಕಳು ಆಟಕ್ಕೆಂದು ಕರೆದು ಅಡಗುತ್ತವೆ, ಇವರು ಪ್ರತಿ ಸಲವೂ ಎದ್ದು ಹೋಗಿ ಖಾಲಿ ರಸ್ತೆ ನೋಡಿ ಬರುತ್ತಾರೆ. "ಕಾಗೆ ಕೂಗಿದ್ರೂ ಎಂತ ಅಂತ ಕೇಳ್ತೀರಲ್ಲ, ಸ್ವಲ್ಪ ಸುಮ್ಮನಿರಿ ಮಾರಾಯ್ರೆ" ಎಂದು ಹೆಂಡತಿ ಆಶಾಲತಾ ಒಂದು ಮಧ್ಯಾಹ್ನ ರೇಗಿದಾಗ ರೈಗಳು ಉಣ್ಣುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು. "ಸುಮ್ಮನಿದ್ದೆನಲ್ಲ, ಎಪ್ಪತ್ತೊಂದರ ಯುದ್ಧದಲ್ಲಿ" ಎಂದರು. "ನಮ್ಮ ಜೊತೆಗಿದ್ದ ಚಿಕ್ಕ ಹಡಗಿಗೆ ಏಟು ಬಿದ್ದಾಗ ಅದರ ರೇಡಿಯೊದಲ್ಲಿದ್ದದ್ದು ಕುಲಶೇಖರದ ರಾಧಾಕೃಷ್ಣ, ನನ್ನ ದೋಸ್ತಿ. ಮುಳುಗುವವರೆಗೂ ಅವನು ನನ್ನನ್ನೇ ಕರೆದ. ಉತ್ತರ ಕೊಟ್ರೆ ಶತ್ರುವಿಗೆ ನಮ್ಮ ಜಾಗ ಗೊತ್ತಾಗ್ತದೆ, ಮಾತಾಡಬೇಡ ಅಂತ ನನಗೆ ಆರ್ಡರ್. ನಾವೂ ಮುಳುಗಿದ್ದೇವೆ ಅಂತ ಅವನು ಎಣಿಸಿದ್ರೆ ಅಡ್ಡಿಯಿಲ್ಲ. ಕೇಳಿಯೂ ಸುಮ್ಮನಿದ್ದಾನೆ ಅಂತ ಎಣಿಸಿದ್ರೆ?"