ಎದುರುಮನೆಯಾಕೆಯ ಕೈಗುಣ

ಮೊನ್ನೆ ಮೊಮ್ಮಗಳ ಹೆಸರಿಗೆ ಬಂದ ಪಾರ್ಸೆಲ್ ಕತ್ತರಿಸಿದಾಗ ಹೊಸ ರೇನ್‌ಕೋಟಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ದೀಪಾವಳಿ ಹತ್ತಿರ ಬಂದಿದೆ, ಬಾಲ್ಕನಿಯ ಪಾಚಿಯೂ ಒಣಗಿದೆ, ಈಗ ಯಾಕಮ್ಮಾ ಇದು ಎಂದು ಕೇಳಿದೆ. "ಅಜ್ಜಿ, ಈಗ ಸೇಲ್ ಇದೆ. ಜೂನ್‌ನಲ್ಲಿ ಮೆಹೆಂಗಾ ಆಗ್ತದೆ," ಎಂದಳು. ನನಗೆ ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಕಲಿಸಿದವಳು ಇವಳೇ. ಆದರೆ ಇವಳಿಗೆ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಇಲ್ಲಿ ನಾನು ಯಾರ ಬಗ್ಗೆ ಏನು ಬೇಕಾದರೂ ಬರೆಯಬಹುದು.

ಎದುರುಮನೆಯಾಕೆಯ ಬಗ್ಗೆಯೇ ಬರೆಯುತ್ತೇನೆ. ಆ ವಾಸನೆಯ ಜೊತೆಗೆ ನನ್ನ ಹಳೆಯ ಹೊಟ್ಟೆಕಿಚ್ಚೂ ಎದ್ದು ಕೂತಿದೆ...

ಮುಂಬಯಿಯ ಚೆಂಬೂರಿನ ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಆಕೆಯ ಬಾಗಿಲಿಗೆ ಎದುರಾಗಿ ನನ್ನ ಬಾಗಿಲು. ಆಕೆ ಧಾರವಾಡದ ಕಡೆಯವರು, ನಾನು ಹಾಸನದವಳು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವರು. ಆದರೂ ನನ್ನನ್ನು ಅವರ ಕಡೆಯ ಮಾತಿನಲ್ಲಿ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದರು. ನೋಡಲು ನನಗಿಂತ ಚೆಂದವೇನಲ್ಲ, ಅಡುಗೆಯೂ ಅಷ್ಟಕ್ಕಷ್ಟೇ. ಅದೆಲ್ಲ ನನಗೆ ಸಮಾಧಾನದ ವಿಷಯವೇ ಆಗಿತ್ತು. ಆದರೆ ಆಕೆಯ ಕೈಗುಣ ಎಂಬುದೊಂದಿತ್ತಲ್ಲ, ಅದು ನನ್ನನ್ನು ಸುಟ್ಟುಹಾಕಿತು.

ಸ್ಟೇಷನ್ ಗಲ್ಲಿಯ ತಿರುವಿನಲ್ಲಿ ಒಬ್ಬ ಭಯ್ಯಾ ಹಲಗೆ ಹಾಕಿ ಕೂರುತ್ತಿದ್ದ. ಅವನ ಹಲಗೆ ನೋಡಿದರೆ ಮನೆಯಲ್ಲಿ ಕ್ಯಾಲೆಂಡರ್ ಬೇಕಿರಲಿಲ್ಲ. ಸಂಕ್ರಾಂತಿಗೆ ಗಾಳಿಪಟ, ಹೋಳಿ ಹಬ್ಬಕ್ಕೆ ಪಿಚಕಾರಿ, ಬಿಸಿಲು ಏರಿದರೆ ಹಾಪುಸ್ ಮಾವಿನ ಪೆಟ್ಟಿಗೆ. ಜೂನ್ ಬಂದರೆ ಛತ್ರಿ, ಆಮೇಲೆ ರಾಖಿ, ಗಣಪತಿಗೆ ಜರಿಯ ಮಾಲೆ. ದೀಪಾವಳಿಗೆ ಬಾಗಿಲಲ್ಲಿ ತೂಗುಹಾಕುವ ಕಾಗದದ ಕಂದೀಲು. ನಾವೆಲ್ಲ ವರ್ಷವಿಡೀ ಅವನ ಹಲಗೆಯನ್ನು ನೋಡಿಕೊಂಡೇ ಖರ್ಚು ಮಾಡಿದವರು.

ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ಯಾರದಾದರೂ ಅವನಿಗೆ ನಡೆಯುತ್ತಿತ್ತು. ಆದರೆ ಸರಕು ಬದಲಾದ ದಿನದ ಬೋಣಿ ಎದುರುಮನೆಯಾಕೆಯದೇ ಆಗಬೇಕು. ಅವನು ಆ ಜಾಗಕ್ಕೆ ಹೊಸದಾಗಿ ಬಂದ ವರ್ಷ ಆಕೆ ಮೊದಲ ಪಿಚಕಾರಿ ಕೊಂಡರಂತೆ, ಸಂಜೆಯೊಳಗೆ ಸರಕೆಲ್ಲ ಖಾಲಿಯಾಯಿತಂತೆ. ಅಷ್ಟೇ. ಅಂದಿನಿಂದ ಆಕೆ ಅವನಿಗೆ ಬಡೀ ಭಾಭಿ, ದೊಡ್ಡ ಅತ್ತಿಗೆ. ನಾನು ಬರೀ ಭಾಭಿ.

ಆಕೆ ಬೋಣಿ ಮಾಡುವುದೂ ಒಂದು ನಾಟಕ. ನೀರಿಲ್ಲದ ಪಿಚಕಾರಿಯನ್ನು ಅವನ ಮುಖಕ್ಕೇ ಹಿಡಿದು ಒತ್ತುವರು. ಮಾವಿನಹಣ್ಣನ್ನು ಮೂಸಿ ಕಣ್ಣು ಮುಚ್ಚಿ ಇಡೀ ಗಲ್ಲಿಯನ್ನು ಕಾಯಿಸುವರು. ಅವನು ಆಕೆ ಕೊಟ್ಟ ನೋಟನ್ನು ಕಣ್ಣಿಗೊತ್ತಿಕೊಂಡ ಮೇಲೆ ಹಿಂದೆ ನಿಂತ ನಮಗೆಲ್ಲ ವ್ಯಾಪಾರ. ನಾನು ಮನೆಗೆ ಬಂದು ಲೈಟಿನ ಕೆಳಗೆ ನನ್ನ ಅಂಗೈ ಹಿಡಿದು ನೋಡಿಕೊಂಡಿದ್ದೇನೆ. ನಮ್ಮವರು ಪೇಪರಿನ ಹಿಂದಿನಿಂದಲೇ, "ಏನೇ ಅದು?" ಎಂದು ಕೇಳಿದರು.

"ನನ್ನ ಕೈಗೇನಾಗಿದೆ ಅಂತ ನೋಡ್ತಿದೀನಿ."

"ನಿನ್ನ ಕೈಲಿ ಕಾಫಿ ಚೆನ್ನಾಗಾಗತ್ತೆ. ಒಂದು ಲೋಟ ತಾ."

ಒಂದೇ ಒಂದು ಸಲ, ಯಾವುದಾದರೂ ಒಂದು ಕಾಲದ ಬೋಣಿ ನನ್ನದಾಗಬೇಕು. ಆಕೆ ನನ್ನ ಹಿಂದೆ ನಿಂತು ಕಾಯಬೇಕು. ದೇವರ ಮುಂದೆ ನಿಂತರೂ ನನಗೆ ಇದೇ ಬೇಡಿಕೆ ಬರುತ್ತಿತ್ತು. ಮಗನ ಪರೀಕ್ಷೆಯೂ ನಡುನಡುವೆ ನೆನಪಾಗುತ್ತಿತ್ತು, ಇಲ್ಲವೆಂದಲ್ಲ.

ಒಂದು ಜೂನ್‌ನಲ್ಲಿ ಭಯ್ಯಾ ಛತ್ರಿಯ ಮೂಟೆ ಇಳಿಸಿದ್ದನ್ನು ಹಿಂದಿನ ಸಂಜೆಯೇ ನೋಡಿಟ್ಟುಕೊಂಡೆ. ಆಕೆ ಪೂಜೆ ಮುಗಿಸದೆ ಹೊಸ್ತಿಲು ದಾಟುವವರಲ್ಲ. ಮರುದಿನ ಬೆಳಿಗ್ಗೆ ಆ ಪೂಜೆಯ ಗಂಟೆಯ ಸದ್ದು ಕೇಳಿದ್ದೇ ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಮೂರು ಮಹಡಿ ಇಳಿದೆ. ಭಯ್ಯಾ ಮೂಟೆಯ ಹಗ್ಗ ಬಿಚ್ಚುತ್ತಿದ್ದ. ಛತ್ರಿ ಕೊಡು ಎಂದೆ. "ಅಭೀ ದೇತಾ ಹೂಂ, ಭಾಭಿ," ಎಂದ, ಈಗಲೇ ಕೊಡುತ್ತೇನೆ ಅಂತ. ಕೊಡಲಿಲ್ಲ. ಒಂದು ಗಂಟು ಬಿಚ್ಚಿದ, ಬೀಡಿ ಹಚ್ಚಿದ, ಹಲಗೆ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಅಷ್ಟರಲ್ಲಿ ಮಳೆ ಶುರುವಾಯಿತು. ಆ ವರ್ಷದ ಮೊದಲ ಮಳೆ, ಮುಂಬಯಿಯ ಮಳೆ, ಹನಿ ಗಿನಿ ಎಂಬ ಪೀಠಿಕೆಯೇ ಇಲ್ಲ.

"ಕೊಡಪ್ಪಾ, ನೆನೀತಿದೀನಿ. ದುಡ್ಡು ತಗೋ."

"ಭಾಭಿ, ಥೋಡಾ ರುಕೋ ನಾ. ಬಡೀ ಭಾಭಿ ಆತೀ ಹೋಗೀ."

ಸ್ವಲ್ಪ ತಡೆಯಬೇಕಂತೆ, ಬಡೀ ಭಾಭಿ ಬರುತ್ತಿರಬಹುದಂತೆ. ಹಿಂದಕ್ಕೆ ಹೋದರೆ ಸೋಲು, ನಿಂತರೆ ನೆನೆಯುವುದು. ನಾನು ನಿಂತೆ. ಛತ್ರಿಯ ಅಂಗಡಿಯ ಮುಂದೆ, ಕೈಯಲ್ಲಿ ದುಡ್ಡು ಹಿಡಿದು, ತಲೆಯಿಂದ ಕಾಲಿನವರೆಗೆ ನೀರು ಸುರಿಸಿಕೊಂಡು. ಹಳೆಯ ಛತ್ರಿಯ ಕೆಳಗೆ ಹಾಯಾಗಿ ನಡೆದುಕೊಂಡು ಆಕೆ ಬಂದರು.

"ಯಾಕ್ರೀ ವೈನಿ, ಛತ್ರಿ ಅಂಗಡಿ ಮುಂದ ನಿಂತು ತೊಯ್ಸಿಕೊಳ್ಳಿಕ್ಕತ್ತೀರಲ್ಲ, ಏನರ ಹರಕಿ ಹೊತ್ತೀರೇನು?"

ಆಕೆ ಮೂಟೆಯ ಮೇಲಿದ್ದ ಕಪ್ಪು ಛತ್ರಿ ಎತ್ತಿಕೊಂಡು ದುಡ್ಡು ಕೊಟ್ಟರು, ಭಯ್ಯಾ ಕಣ್ಣಿಗೊತ್ತಿಕೊಂಡ. ಆಮೇಲೆ ಆಕೆ ಆ ಹೊಸ ಛತ್ರಿಯನ್ನು ಫಟ್ ಎಂದು ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದರು. "ತೊಗೋರಿ, ನಿಮಗಂತನ ಕೊಂಡೀನಿ. ನೆಗಡಿ ಆದ್ರ ಆ ಮನಿಯಾಗ ಕಾಫಿ ಮಾಡವರು ಯಾರು?"

ದಾರಿಯುದ್ದಕ್ಕೂ ನಗುತ್ತಿದ್ದರು. ಒಳ್ಳೆಯ ಮನಸ್ಸೇ, ಗೊತ್ತು. ಆದರೆ ಆಕೆ ಬೋಣಿ ಮಾಡಿದ ಛತ್ರಿಯ ಕೆಳಗೆ ನಡೆದು ಮನೆಗೆ ಬರುವಾಗ ನನಗೆ ಮಳೆಯಲ್ಲೂ ಮೈಯೆಲ್ಲ ಉರಿಯುತ್ತಿತ್ತು. ಆ ಛತ್ರಿಯೋ, ಮುರಿಯಲೇ ಇಲ್ಲ. ಎಷ್ಟೋ ಮಳೆಗಾಲ ಬಾಳಿತು.

ಆಮೇಲೆ ಅವರ ಯಜಮಾನರಿಗೆ ನಿವೃತ್ತಿಯಾಯಿತು. ಮಗ ಊರಿನ ಇನ್ನೊಂದು ತುದಿಯ ದಹಿಸರ್‌ನಲ್ಲಿ ಮನೆ ಮಾಡಿದ, ಇಬ್ಬರೂ ಅಲ್ಲಿಗೆ ಹೋದರು. ಸಾಮಾನಿನ ಟೆಂಪೋ ಹೊರಟಾಗ ನಾನು ಅತ್ತದ್ದು ನಿಜ. ಇನ್ನು ಬೋಣಿ ನನ್ನದೇ ಎಂದು ಅಳುವಿನ ನಡುವೆ ಲೆಕ್ಕ ಹಾಕಿದ್ದೂ ನಿಜ. ಆದರೆ ಆ ಭಯ್ಯಾ ಆಕೆಯ ಫೋನ್ ನಂಬರ್ ಇಟ್ಟುಕೊಂಡಿದ್ದ. ಸರಕು ಬದಲಾಯಿಸುವ ಮುಂಚೆ ಒಂದು ಕರೆ. ಆಕೆ ದಹಿಸರ್‌ನಿಂದ ಲೋಕಲ್ ಹಿಡಿದು, ನಡುವೆ ಇಳಿದು ಸೇತುವೆ ಹತ್ತಿ ಇನ್ನೊಂದು ಲೋಕಲ್ ಹಿಡಿದು ಬರುತ್ತಿದ್ದರು. ಮಂಡಿನೋವು ಬಂದ ಮೇಲೂ ಬಂದರು. ಕೆಲಸ ಮುಗಿಸಿ ನನ್ನ ಮನೆಗೆ ಹತ್ತುತ್ತಿದ್ದರು.

"ಬೋಣಿಗೆ ಬಂದಿದ್ದೆ. ಹಂಗ ನಿಮ್ಮನ್ನೂ ನೋಡಿಕೊಂಡು ಹೋಗೋಣಂತ."

ಹಂಗ ನಿಮ್ಮನ್ನೂ ಅಂತೆ... ನಾನು ತರಕಾರಿಯ ಜೊತೆಗೆ ಪುಕ್ಕಟೆ ಬರುವ ಕೊತ್ತಂಬರಿ ಕಟ್ಟು. ಆದರೂ ಡಿಕಾಕ್ಷನ್ ಗಟ್ಟಿಯಾಗಿಯೇ ಇಳಿಸುತ್ತಿದ್ದೆ. ಆಕೆ ಕುಡಿದು, ಅವಲಕ್ಕಿ ಚೂಡಾ ತಿಂದು, ಮಧ್ಯಾಹ್ನವಿಡೀ ತಮ್ಮ ಸೊಸೆಯ ಮೇಲೆ ದೂರು ಹೇಳಿ, ನನ್ನ ಸೊಸೆಯ ಮೇಲಿನ ದೂರು ಕೇಳಿಕೊಂಡು ಹೊರಡುತ್ತಿದ್ದರು. ಮುಂದಿನ ಸರಕು ಯಾವಾಗ ಬದಲಾಗುತ್ತದೆ ಎಂದು ನಾನು ಗಲ್ಲಿಗೆ ಹೋದಾಗಲೆಲ್ಲ ಕಣ್ಣು ಹಾಯಿಸುತ್ತಿದ್ದೆ. ಬೋಣಿಗಾಗಿ ಎಂದೇ ನನಗೆ ನಾನು ಹೇಳಿಕೊಂಡಿದ್ದೆ.

ಈ ವರ್ಷ ದಸರೆ ಮುಗಿದ ಮೇಲೆ ಆಕೆಯ ಸೊಸೆ ಫೋನ್ ಮಾಡಿದಳು. ನಿದ್ದೆಯಲ್ಲೇ ಹೋದರಂತೆ. ಮಂಡಿನೋವು ಬಿಟ್ಟರೆ ಬೇರೇನೂ ಕಾಯಿಲೆ ಇರಲಿಲ್ಲ ಎಂದಳು...

ರೇನ್‌ಕೋಟು ಬಂದ ಮರುದಿನ ಸ್ಟೇಷನ್ ಗಲ್ಲಿಗೆ ಹೋದೆ. ಭಯ್ಯಾ ಕಂದೀಲುಗಳನ್ನು ತೂಗುಹಾಕಿಕೊಂಡು ಕೂತಿದ್ದ. ಅವನ ತಲೆಯೂ ಬೆಳ್ಳಗಾಗಿದೆ. ನನ್ನನ್ನು ನೋಡಿದವನೇ, "ಬಡೀ ಭಾಭಿ ಫೋನ್ ನಹೀಂ ಉಠಾತೀ," ಎಂದ. ಎಷ್ಟು ಸಲ ಮಾಡಿದರೂ ಎತ್ತುತ್ತಿಲ್ಲವಂತೆ. ಬೆಳಗಿನಿಂದ ಒಂದು ಕಂದೀಲನ್ನೂ ಅವನು ಮಾರಿರಲಿಲ್ಲ. ನಾನು ಹೇಳಬೇಕಾಯಿತು. ಹೇಳಿದೆ. ಅವನು ಗಾಳಿಗೆ ಸಿಕ್ಕಿಕೊಂಡ ಕಂದೀಲಿನ ಬಾಲಗಳನ್ನು ಒಂದೊಂದಾಗಿ ಬಿಡಿಸುತ್ತ ಕೂತ. ಕೊನೆಯ ಬಾಲವನ್ನೂ ಬಿಡಿಸಿದ ಮೇಲೆ, "ತೋ ಫಿರ್ ಆಪ್ ಹೀ ಕರೋ, ಭಾಭಿ," ಎಂದ.

ಹಾಗಾದರೆ ನೀವೇ ಮಾಡಿ ಎಂದ. ಇಷ್ಟು ವರ್ಷ ಕಾದ ಮಾತು ಅದು. ಕೇಸರಿ ಬಣ್ಣದ್ದೊಂದು ತೆಗೆದುಕೊಂಡೆ. ನಾಟಕ ಮಾಡಲು ನನಗೆ ಬರಲಿಲ್ಲ, ಚೌಕಾಸಿಯನ್ನೂ ಮರೆತೆ. ಅವನು ನನ್ನ ನೋಟನ್ನು ಕಣ್ಣಿಗೊತ್ತಿಕೊಂಡ. ಹಿಂದೆ ತಿರುಗಿ ನೋಡಿದೆ, ಯಾರೂ ಕಾಯುತ್ತಿರಲಿಲ್ಲ.

ಸಂಜೆ ಕರಿಬೇವಿನ ನೆಪ ಹೇಳಿ ಮತ್ತೆ ಇಳಿದುಹೋದೆ. ಕಂದೀಲುಗಳ ಸಾಲು ಹೆಚ್ಚುಕಡಿಮೆ ಹಾಗೆಯೇ ಇತ್ತು. ನನ್ನ ಮುಖ ನೋಡಿ ಅವನೇ, "ಹೋ ಜಾಯೇಗಾ, ಭಾಭಿ. ಅಭೀ ಟೈಮ್ ಹೈ," ಎಂದ. ಮಾರಾಟವಾಗುತ್ತದೆ, ಹಬ್ಬಕ್ಕೆ ಇನ್ನೂ ದಿನವಿದೆ ಎಂಬ ಸಮಾಧಾನ. ಪಾಪ, ಸುಳ್ಳು ಹೇಳಲು ಬರುವುದಿಲ್ಲ.

ಕಂದೀಲು ಕಟ್ಟಿ ದೀಪ ಹಾಕಿದೆ. ಕೇಸರಿ ಬೆಳಕು ಎದುರಿನ ಬಾಗಿಲಿನ ಮೇಲೂ ಬಿತ್ತು. ಅಲ್ಲಿ ಈಗ ಯಾರೋ ಹುಡುಗಿಯರು ಬಾಡಿಗೆಗಿದ್ದಾರೆ, ರಾತ್ರಿ ಪಾಳಿಗೆ ಹೋಗುತ್ತಾರೆ. ಆಕೆ ಇದ್ದಿದ್ದರೆ ಆ ಬಾಗಿಲಿಗೆ ಒರಗಿ ನಿಂತು, "ಏನ್ರೀ ವೈನಿ, ಪಾಪ ಅವನ ಹಬ್ಬಾನ ಮುಳುಗಿಸಿದಿರೇನು?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ನಾನು ಮುಂದಿನ ದೀಪಾವಳಿಯವರೆಗೂ ಉರಿಯುತ್ತಿದ್ದೆ. ಆಕೆಯ ಕೈಗುಣವೇ ದೊಡ್ಡದು ಎಂದು ಈಗ ಒಪ್ಪಿಕೊಳ್ಳೋಣವೆಂದರೆ, ಕೇಳಿಸಿಕೊಂಡು ಬೀಗುವುದಕ್ಕೆ ಆಕೆಯೇ ಇಲ್ಲ.